ಬ್ರಹ್ಮಸ್ಥಾನದ ರೊಟ್ಟಿ ಅಂಗಡಿ

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ನಿವೃತ್ತಿಗೆ ಇನ್ನೇನು ಎರಡು ತಿಂಗಳಿದೆ ಅನ್ನುವಾಗ ಅವರನ್ನು ಯಾವುದೋ ತರಬೇತಿಗೆ ಕಳಿಸಿದರು. ಕಳಿಸಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಕೈಗೆ ಸಿಕ್ಕರೆ ಎರಡು ಮಾತು ಕೇಳಬೇಕು ಅಂತ ನನಗೆ ಇವತ್ತಿಗೂ ಇದೆ. ಉಂಡು ಎದ್ದವನನ್ನು ಮತ್ತೆ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದರೆ ಅವನು ಏನು ಮಾಡಬೇಕು? ಇವರು ಕಲಿತು ಬಂದರು. ಬಂದು ನೋಡಿದರೆ ಕಲಿಸಲು ಮಕ್ಕಳೇ ಇಲ್ಲ, ಪರೀಕ್ಷೆ ಮುಗಿದು ಶಾಲೆಗೆ ರಜೆ. ರಜೆ ಮುಗಿಯುವ ಹೊತ್ತಿಗೆ ಇವರ ನೌಕರಿಯೂ ಮುಗಿದಿತ್ತು. ಕೈಗೆ ಸಿಕ್ಕವರು ನಾನು ಮತ್ತು ನಮ್ಮ ಅತ್ತೆ.

ಅವರು ಕಲಿತು ಬಂದದ್ದಕ್ಕೆ ಪರಿಕಲ್ಪನಾ ನಕ್ಷೆ ಅಂತ ಹೆಸರು. ಒಂದು ದೊಡ್ಡ ಹಾಳೆಯ ನಡುವೆ ಸುತ್ತು ಹಾಕಿ ಅದರೊಳಗೆ ಮುಖ್ಯ ವಿಷಯ ಬರೆಯಬೇಕು. ಅದಕ್ಕೆ ಸಂಬಂಧಪಟ್ಟದ್ದೆಲ್ಲ ಅದರ ಸುತ್ತಮುತ್ತ ಸಣ್ಣ ಸುತ್ತುಗಳಲ್ಲಿ. ಒಂದರಿಂದ ಒಂದಕ್ಕೆ ಗೆರೆ, ಗೆರೆಯ ಮೇಲೆ ಆ ಎರಡಕ್ಕೂ ಏನು ನಂಟು ಅಂತ ಒಂದು ಮಾತು. ಕೆಟ್ಟದ್ದೇನಲ್ಲ. ತಲೆಯೊಳಗಿನ ಗೋಜಲು ಹಾಳೆಯ ಮೇಲೆ ಬಿಡಿಸಿಕೊಳ್ಳುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಕಣ್ಣಿಗೆ ಕಾಣುತ್ತದೆ ಅಂತ ಅವರು ಹೇಳಿದಾಗ ನನಗೂ ಹೌದನ್ನಿಸಿತು. ಆದರೆ ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನಮ್ಮ ಮನೆಯಲ್ಲಿ ಮೊದಲು ಕೆತ್ತಿಸಿಕೊಂಡದ್ದು ಉಪ್ಪಿಟ್ಟು.

ನಡುವೆ ಉಪ್ಪಿಟ್ಟು, ಸುತ್ತಲೂ ರವೆ, ನೀರು, ಒಗ್ಗರಣೆ, ಸಿಲಿಂಡರು. ಪೆನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಒಗ್ಗರಣೆಗೂ ರವೆಗೂ ಏನು ಸಂಬಂಧ ಹೇಳು,” ಅಂದರು.

“ಅವಕ್ಕೇನು ಲಗ್ನ ಮಾಡಿಸ್ತೀರೇನ್ರಿ? ಅತ್ಲಾಗೆ ಸರೀರಿ, ಸೀದು ಹೋಗ್ತೈತೆ,” ಅಂದೆ.

ಸೀದೇ ಹೋಯಿತು. “ಸೀದದ್ದು” ಅಂತ ಇನ್ನೊಂದು ಸುತ್ತು ಹಾಕಿದರು.

ಆಮೇಲೆ ಬಾತಿಯಲ್ಲಿ ನನ್ನ ತವರಿನ ದೊಡ್ಡಪ್ಪ ಒಬ್ಬರು ತೀರಿಕೊಂಡರು. ಬಾತಿಯೇನು ಕಾಶಿಯಲ್ಲ, ದಾವಣಗೆರೆಯ ನಮ್ಮ ವಿನೋಬನಗರದಿಂದ ಆಟೋ ಹತ್ತಿದರೆ ಎಲೆಯಡಿಕೆ ಜಗಿದು ಮುಗಿಸುವುದರೊಳಗೆ ಸಿಗುವ ಊರು. ಇವರು ಹಾಳೆಯ ನಡುವೆ “ಸಾವು” ಅಂತ ಬರೆದು ಕೂತರು. ಸಾವಿಗೆ ಹಾರ, ಹಾರಕ್ಕೆ ಮಾರ್ಕೆಟ್ಟು, ಹೋಗಲು ಆಟೋ, ಬಂದ ಮೇಲೆ ಸ್ನಾನ, ಸ್ನಾನಕ್ಕೆ ಬಿಸಿನೀರು, ಬಿಸಿನೀರಿಗೆ ಕರೆಂಟು, ಕರೆಂಟು ಹೋದರೆ ಕಟ್ಟಿಗೆ, ಕಟ್ಟಿಗೆಗೆ ಮತ್ತೆ ಮಾರ್ಕೆಟ್ಟು. ಗೆರೆ ಸುತ್ತಿಕೊಂಡು ಹಾರದ ಹತ್ತಿರವೇ ಬಂದು ನಿಂತಾಗ ಅವರಿಗೆ ಆದ ಆನಂದ ನೋಡಬೇಕಿತ್ತು. ನಾವು ಬಾತಿ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದು, ಜನ ಕೈಕಾಲು ತೊಳೆದು, ಜಗುಲಿಯ ಮೇಲೆ ಚಹಾ ಕುಡಿಯುತ್ತಿದ್ದರು. “ಮೇಷ್ಟ್ರು ಈಗ ಬಂದ್ರಾ?” ಅಂತ ನಮ್ಮ ಚಿಕ್ಕಪ್ಪ ಕೇಳಿದರೆ, “ಯೋಜನೆ ಸ್ವಲ್ಪ ದೊಡ್ಡದಾತ್ರಿ,” ಅಂದರು ಇವರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ದುಃಖಕ್ಕೆ ಅಂತ ಎಲ್ಲರೂ ತಿಳಿದರು.

ಇಷ್ಟೆಲ್ಲ ಆದ ಮೇಲೂ ಅಂಗಡಿಯ ಮಾತನ್ನು ಇವರ ಕಿವಿಗೆ ಹಾಕಿದೆನಲ್ಲ, ನನಗೆ ಬುದ್ಧಿ ಎಲ್ಲಿ ಹೋಗಿತ್ತೋ!

ಅಂಗಡಿಯ ಮಾತು ಅಂದರೆ ಇದು. ನಾನು ಬಹಳ ವರ್ಷಗಳಿಂದ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿ. ಲಗ್ನ, ಸೀಮಂತ, ಗೃಹಪ್ರವೇಶ ಎಲ್ಲಕ್ಕೂ ಹೋಗುತ್ತದೆ. ಆದರೆ ಓಣಿಗೆಲ್ಲ ಅದು “ಮೇಷ್ಟ್ರ ಮನೆ ರೊಟ್ಟಿ”. ಮೇಷ್ಟ್ರಿಗೆ ಹಂಚು ಯಾವ ಕಡೆ ಕಾಯುತ್ತದೆ ಅಂತಲೂ ಗೊತ್ತಿಲ್ಲ. ಹರಿಹರದ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಅಜ್ಜಿ ಸಣ್ಣದೊಂದು ಖಾನಾವಳಿ ನಡೆಸುತ್ತಿದ್ದಳು. ಅವಳಿಗೆ ನಾನೇ ವಾರಕ್ಕೊಮ್ಮೆ ಬಸ್ಸಿನಲ್ಲಿ ರೊಟ್ಟಿಯ ಬುಟ್ಟಿ ಒಯ್ದು ಕೊಟ್ಟು ಬರುತ್ತಿದ್ದೆ. ಒಂದು ದಿನ ಅವಳು ಮೊಣಕಾಲು ನೀವಿಕೊಳ್ಳುತ್ತ ಹೇಳಿದಳು.

“ನನ್ನ ಕೈಲಿ ಇನ್ನಾಗಲ್ಲವ್ವ. ಮಗಳ ಊರಿಗೆ ಹೋಗ್ತೀನಿ. ಒಲೆ, ಪಾತ್ರೆ, ಬೆಂಚು ಎಲ್ಲಾ ಐತೆ, ನೀನು ಬಂದು ಕುಂತ್ಕೋ. ಅಮಾಸೆ ಒಳಗೆ ಹೇಳಿಬಿಡು. ಮೊಬೈಲ್ ಕವರ್ ಮಾರೋನು ಒಬ್ಬ ದಿನಾ ಬಂದು ತಲೆ ತಿಂತಾನೆ. ನೀನು ಬ್ಯಾಡ ಅಂದ್ರೆ ಅವನಿಗೇ ಕೊಡ್ತೀನಿ.”

ಆ ಅಂಗಡಿ ನನಗೆ ಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದು ಯಾಕೆ? ಬೀದಿಗೆ ಮುಖ ಮಾಡಿದ ಒಲೆಯ ಮುಂದೆ ಕೂತು, ಗುರುತಿಲ್ಲದ ಜನರ ತಟ್ಟೆಗೆ ಬಿಸಿ ರೊಟ್ಟಿ ಹಾಕಬೇಕು, ಅದು ನನ್ನ ಅಂಗಡಿಯಾಗಿರಬೇಕು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ, ಬರೀ ಆ ಒಲೆಯೇ ಕಾಣುತ್ತಿತ್ತು. ಐವತ್ತು ದಾಟಿದ ಮೇಲೆ ಇಂಥ ಆಸೆ ಬಂದರೆ ಜನ ನಗುತ್ತಾರೆ. ನಗಲಿ, ಅವರ ಹಲ್ಲು, ಅವರ ಬಾಯಿ.

ಇವರ ಹತ್ತಿರ ಹೇಳದೆ ಹೂಂ ಅಂದುಬಿಡಬಹುದಿತ್ತು. ಆದರೆ ಹಾಗೆ ಶುರು ಮಾಡಿದರೆ ನಾಳೆ ಸಾರಿಗೆ ಉಪ್ಪು ಹೆಚ್ಚಾದರೂ “ನಾನು ಆವಾಗಲೇ ಅಂದಿದ್ದೆ” ಅನ್ನುತ್ತಾರೆ. ಮೊದಲು ಹೂಂ ಅನ್ನಿಸಿಕೊಂಡು ಆಮೇಲೆ ನಮಗೆ ಬೇಕಾದಂತೆ ಮಾಡುವುದು ಸಂಸಾರದಲ್ಲಿ ಜಾಣತನ. ಕಾಫಿ ಕೊಟ್ಟು, ಅರ್ಧ ಕುಡಿಯಲು ಬಿಟ್ಟು, ವಿಷಯ ಹೇಳಿದೆ. ಅವರ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಲೋಟ ಕೆಳಗಿಟ್ಟು, “ಒಳ್ಳೇ ವಿಚಾರ. ಒಂದು ನಕ್ಷೆ ಹಾಕೋಣ,” ಅಂದರು.

“ಅಮಾಸೆ ಹತ್ರ ಬಂತ್ರೀ.”

“ಅದಕ್ಕೇ ನಕ್ಷೆ ಬೇಕಾಗಿರೋದು.”

ಗೋಡೆಗೆ ಡ್ರಾಯಿಂಗ್ ಶೀಟು ಅಂಟಿತು. ನಡುವೆ “ಅಂಗಡಿ”. ಸುತ್ತಲೂ ಒಲೆ, ನೀರು, ಹಿಟ್ಟು, ಬಸ್ಸು, ಗಿರಾಕಿ. ನಿಜ ಹೇಳಬೇಕೆಂದರೆ ಆ ಮೊದಲ ಹಾಳೆ ಚೆನ್ನಾಗಿಯೇ ಇತ್ತು. ಹರಿಹರದಲ್ಲಿ ಗಿರಣಿ ಎಲ್ಲಿದೆ ಅಂತ ನಾನು ಯೋಚಿಸಿಯೇ ಇರಲಿಲ್ಲ, ಹಿಟ್ಟಿನಿಂದ ಗೆರೆ ಎಳೆದಾಗ ಹೊಳೆಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಮೇಷ್ಟ್ರಿಗೆ ಕೈ ಮುಗಿಯುತ್ತಿದ್ದೆ.

ಆದರೆ ಮನೆಯಲ್ಲಿ ಅತ್ತೆ ಇದ್ದಾರೆ. ಅವರಿಗೆ ಓದು ಬರುವುದಿಲ್ಲ, ಸುತ್ತು ಎಣಿಸಲು ಬರುತ್ತದೆ. ಲಗ್ನಪತ್ರಿಕೆ ಬಂದರೂ ಅಷ್ಟೇ, ಮುಹೂರ್ತ ಕೇಳುವುದಿಲ್ಲ, ನಮ್ಮ ಕಡೆಯವರ ಹೆಸರು ಮೇಲೆ ಹಾಕಿದ್ದಾರೋ ಕೆಳಗೆ ಹಾಕಿದ್ದಾರೋ ಅಂತ ಮೊದಲು ಕೇಳುತ್ತಾರೆ.

“ಇದರಾಗೆ ನಾನು ಎಲ್ಲಿದೀನಪ್ಪ?” ಅಂದರು.

“ನೀನು ಇಲ್ಲವ್ವ. ಇದು ಅಂಗಡಿದು,” ಅಂದರು ಮಗ.

“ಹಿಟ್ಟಿಗೆ ಜಾಗ ಐತೆ, ನೀರಿಗೆ ಐತೆ, ಹೆತ್ತವ್ವಗೆ ಇಲ್ಲ. ಆಗ್ಲಿ ಬಿಡು.”

ಆ “ಆಗ್ಲಿ ಬಿಡು” ಇದೆಯಲ್ಲ, ಅದನ್ನು ಕೇಳಿದವರು ಯಾರೂ ಆ ದಿನ ನೆಮ್ಮದಿಯಾಗಿ ಉಂಡಿಲ್ಲ. “ಅವ್ವ” ಅಂತ ಒಂದು ಸುತ್ತು ಬಂತು. ಅದು ಹಿಟ್ಟಿನ ಸುತ್ತಿಗಿಂತ ಸಣ್ಣದಾಯಿತು ಅಂತ ಅಳಿಸಿ ದೊಡ್ಡದು ಮಾಡಿದ್ದಾಯಿತು. ಅವ್ವನಿಗೂ ಅಂಗಡಿಗೂ ಗೆರೆ, ಗೆರೆಯ ಮೇಲೆ “ಆಶೀರ್ವಾದ”. ಅವ್ವನಿಂದ ಗಿರಾಕಿಗೂ ಒಂದು ಗೆರೆ ಬೇಕಂತೆ. ಅದರ ಮೇಲೆ ಏನು ಬರೆಯುವುದು? “ವಿಚಾರಣೆ ಅಂತ ಬರಿ. ಯಾವೂರು, ಯಾರ ಪೈಕಿ ಅಂತ ಕೇಳಬ್ಯಾಡ್ವಾ?” ಅಂದರು.

ಅಷ್ಟರಲ್ಲಿ ಆನಗೋಡಿನಿಂದ ನನ್ನ ಮೈದುನ ಮೆಕ್ಕೆಜೋಳದ ಬೀಜ ಒಯ್ಯಲು ಬಂದ. ಇವರ ತಮ್ಮ, ಊರಿನ ಹೊಲ ನೋಡಿಕೊಂಡಿದ್ದಾನೆ. ಮೈ ಬಗ್ಗಿಸಿ ದುಡಿಯುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊಬೈಲು ನೋಡಿ ನೋಡಿ ವಾಸ್ತು ಕಲಿತಿದ್ದಾನೆ. ಅವನ ಮಾತು ಕೇಳಿ ಊರಿನಲ್ಲಿ ಒಬ್ಬರು ಕಿಟಕಿ ಮುಚ್ಚಿಸಿದ್ದಾರೆ, ಇನ್ನೊಬ್ಬರು ಎಮ್ಮೆಯನ್ನು ಬೇರೆ ದಿಕ್ಕಿಗೆ ತಿರುಗಿಸಿ ಕಟ್ಟಿದ್ದಾರೆ. ಎಮ್ಮೆ ಹಾಲು ಕಡಿಮೆ ಮಾಡಿತು. ಅದಕ್ಕೆ ದಿಕ್ಕು ಒಗ್ಗಲು ಟೈಮು ಬೇಕು ಅಂದ.

ಗೋಡೆಯ ಮೇಲಿನ ಹಾಳೆ ಕಂಡವನೇ ಚಹಾದ ಲೋಟ ಕೆಳಗಿಟ್ಟ.

“ಅಣ್ಣ, ಒಲೆ ವಾಯವ್ಯದಾಗೆ ಯಾಕ ಇಟ್ಟೀಯ?”

“ಇದು ಕಟ್ಟಡದ ಪ್ಲಾನ್ ಅಲ್ಲಪ್ಪ, ವಿಚಾರದ ನಕ್ಷೆ.”

“ವಿಚಾರ ಎಲ್ಲಿ ಹುಟ್ತೈತೆ?”

“ತಲೇಲಿ.”

“ತಲೆ ಯಾವ ಕಡೆ ಹಾಕಿ ಮಲಗ್ತಿ?”

“ದಕ್ಷಿಣಕ್ಕೆ.”

“ಯಾಕ?”

ನಮ್ಮ ಮನೆಯವರು ಅವ್ವನ ಕಡೆ ನೋಡಿದರು. ಉತ್ತರಕ್ಕೆ ತಲೆ ಹಾಕಬಾರದು ಅಂತ ಅವರವ್ವ ಹೇಳಿದ್ದು. ವಿಜ್ಞಾನ ಹೇಳಿಕೊಟ್ಟು ಕೂದಲು ಬೆಳ್ಳಗಾದರೂ ಒಂದು ದಿನವೂ ಅದನ್ನು ಮೀರಿದವರಲ್ಲ.

“ಅಂದ್ರೆ ವಿಚಾರಕ್ಕೂ ದಿಕ್ಕು ಐತೆ ಅಂದಂಗಾತು,” ಅಂದ ಮೈದುನ.

ಮುಗಿಯಿತು ನೋಡಿ. ವಿಜ್ಞಾನದ ಮೇಷ್ಟ್ರು ಗಲ್ಲ ಕೆರೆದುಕೊಂಡು, “ಅದೂ ಒಂದು ಆಯಾಮಾನೇ,” ಅಂದುಬಿಟ್ಟರು.

ಈಗ ಹಾಳೆಯಲ್ಲಿ ಉತ್ತರ ಯಾವುದು ಅನ್ನುವ ಪ್ರಶ್ನೆ ಬಂತು. ನಕ್ಷೆಯಲ್ಲಿ ಮೇಲೆ ಅಂದರೆ ಉತ್ತರ ಅಂದರು ಅಣ್ಣ. ಗೋಡೆಯ ಮೇಲಿದ್ದರೆ ಮೇಲೆ ಅಂದರೆ ಆಕಾಶ ಅಂದ ತಮ್ಮ. ಇಬ್ಬರೂ ಸರಿ, ಅದೇ ಕಷ್ಟ. ಹಾಳೆಯನ್ನು ಗೋಡೆಯಿಂದ ಬಿಡಿಸಿ ನಡುಮನೆಯ ನೆಲಕ್ಕೆ ಹಾಸಿದರು. ದಿಕ್ಕು ನೋಡಲು ಇಬ್ಬರೂ ಮೊಬೈಲು ತೆಗೆದರೆ ಒಂದರಲ್ಲಿ ಉತ್ತರ ಬಚ್ಚಲ ಕಡೆ, ಇನ್ನೊಂದರಲ್ಲಿ ಟಿವಿ ಕಡೆ. “ಸೂರ್ಯ ಹುಟ್ಟೋದು ಹಾಲಿನೋರ ಮನೆ ಕಡೆ, ಇನ್ನೇನು ಬೇಕು ನಿಮಗೆ?” ಅಂತ ಅತ್ತೆ ತೀರ್ಪು ಕೊಟ್ಟರು. ಹಾಳೆ ಸಾಲದು ಅಂತ ಇನ್ನಷ್ಟು ಹಾಳೆ ಅಂಟಿಸಿದರು, ಅಂಟಿಗೆ ನನ್ನ ರೊಟ್ಟಿಯ ಹಿಟ್ಟು. ಸುತ್ತುಗಳನ್ನು ಅಳಿಸಿ ಬರೆದು ಸಾಕಾಗಿ, ಹಳೆಯ ಲಗ್ನಪತ್ರಿಕೆಗಳನ್ನು ಸ್ಟೀಲ್ ಲೋಟ ಇಟ್ಟು ದುಂಡಗೆ ಕತ್ತರಿಸಿದರು. ಹೀಗೆ ಮಾಡಿದರೆ ಬೇಕಾದ ಕಡೆ ಸರಿಸಬಹುದಲ್ಲ.

ಒಲೆ ಆಗ್ನೇಯಕ್ಕೆ ಹೋಯಿತು, ನೀರು ಈಶಾನ್ಯಕ್ಕೆ, ಭಾರದ ಹಿಟ್ಟು ನೈರುತ್ಯಕ್ಕೆ. ಬಸ್ಸು, ಗಿರಾಕಿ ಎರಡೂ ಬಂದು ಹೋಗುವಂಥವು, ಅವು ವಾಯವ್ಯಕ್ಕೆ. ನೀರಿನಿಂದ ಒಲೆಗೆ ಇದ್ದ ಗೆರೆಯನ್ನು ಮೈದುನ ಅಳಿಸಿ ಹಾಕಿಸಿದ, ನೀರಿಗೂ ಬೆಂಕಿಗೂ ಸಂಬಂಧ ಇದ್ದರೆ ಮನೆಯಲ್ಲಿ ಜಗಳವಂತೆ.

“ನೀರಿಲ್ಲದೆ ಒಲೆ ಮೇಲೆ ಏನು ಕುದಿಸ್ಲಿ, ನಿನ್ನ ತಲೆನಾ?” ಅಂದೆ ನಾನು.

“ನೋಡಿದ್ಯಾ ಅಣ್ಣ? ಗೆರೆ ಇದ್ದಿದ್ದಕ್ಕೇ ಜಗಳ ಬಂತು,” ಅಂದ.

ಅತ್ತೆ ಹಾಳೆಯ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿದರು. ಹಚ್ಚಿದ ಮೇಲೆ ಅದನ್ನು ತುಳಿಯುವ ಹಾಗಿಲ್ಲ. ಅಡುಗೆಮನೆಗೆ ಹೋಗಬೇಕಾದರೆ ಗೋಡೆಗೆ ಬೆನ್ನು ಹಚ್ಚಿ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಗ್ಯಾಸಿನವನು ಸಿಲಿಂಡರ್ ಹೊತ್ತು ಒಳಗೆ ಬಂದವನು ನೆಲ ನೋಡಿ ನಿಂತ. ಕುಂಕುಮ, ಸುತ್ತು, ಗೆರೆ, ಒಂದು ಸುತ್ತಿನಲ್ಲಿ “ಅವ್ವ” ಅಂತ ಬೇರೆ ಬರೆದಿದೆ. “ಏನ್ರಿ ಇದು, ಮಾಟಾನಾ?” ಅಂದ. “ಇಲ್ಲಪ್ಪ, ಪರಿಕಲ್ಪನೆ,” ಅಂದರು ನಮ್ಮ ಮನೆಯವರು. ಆ ಮಾತು ಅವನಿಗೆ ಮಾಟಕ್ಕಿಂತ ಹೆಚ್ಚಾಗಿ ಕೇಳಿಸಿರಬೇಕು. ಸಿಲಿಂಡರನ್ನು ಹೊಸಿಲಲ್ಲೇ ಇಳಿಸಿ, ಖಾಲಿಯದನ್ನು ಒಯ್ಯುವುದನ್ನೂ ಮರೆತು ಹೋದ.

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಬೀಜ ಒಯ್ಯಲು ಬಂದ ಮೈದುನ ಬೀಜ ಒಯ್ಯಲಿಲ್ಲ, ಇಲ್ಲೇ ಉಳಿದ. ಕೊನೆಗೆ ಅವನ ಕಣ್ಣು ನಡುವಿನ ದೊಡ್ಡ ಸುತ್ತಿನ ಮೇಲೆ ಬಿತ್ತು.

“ನಟ್ಟನಡುವೆ ಅಂಗಡಿ ಇಟ್ಟೀಯಲ್ಲ, ಏನಣ್ಣ ಇದು?”

“ಮುಖ್ಯ ವಿಷಯ ನಡುವೇ ಇರ್ಬೇಕು. ತರಬೇತೀಲಿ ಮೊದಲನೇ ಪಾಠಾನೇ ಅದು.”

“ಅದು ಬ್ರಹ್ಮಸ್ಥಾನ. ಅಲ್ಲಿ ಹುಲ್ಲುಕಡ್ಡಿನೂ ಇಡಂಗಿಲ್ಲ. ಖಾಲಿ ಬಿಡಬೇಕು.”

ಎತ್ತು ಏರಿಗೆ, ಕೋಣ ನೀರಿಗೆ. ಒಬ್ಬರಿಗೆ ನಡುವೆ ಇಡಲೇಬೇಕು, ಒಬ್ಬನಿಗೆ ನಡುವೆ ಇಡಲೇಬಾರದು. ಮಧ್ಯಾಹ್ನದ ಊಟವಾಗಿ, ಸಂಜೆಯ ಚಹಾ ಆದರೂ ಅಣ್ಣ ತಮ್ಮ ಹಾಳೆಯ ಎರಡು ಬದಿಗೆ ಕೂತು ವಾದಿಸುತ್ತಿದ್ದರು. ಕೊನೆಗೆ “ಸದ್ಯಕ್ಕೆ” ಅಂತ ಒಪ್ಪಂದವಾಯಿತು. ಸದ್ಯಕ್ಕೆ ಅಂಗಡಿಯನ್ನು ನಡುವಿನಿಂದ ಎತ್ತುವುದು. ಎತ್ತಿ ಎಲ್ಲಿಡಬೇಕು? ಆಗ್ನೇಯಕ್ಕೆ ಇಟ್ಟರೆ ಸುಡುತ್ತದೆ, ಈಶಾನ್ಯಕ್ಕೆ ಇಟ್ಟರೆ ಹರಿದು ಹೋಗುತ್ತದೆ, ವಾಯವ್ಯಕ್ಕೆ ಇಟ್ಟರೆ ಹಾರಿ ಹೋಗುತ್ತದೆ, ನೈರುತ್ಯದಲ್ಲಿ ಮೊದಲೇ ಹಿಟ್ಟಿನ ಭಾರ. ಉಳಿದ ಕಡೆಯೆಲ್ಲ ಅತ್ತೆಯ ಗೆರೆಗಳು. ಜಾಗ ಸಿಗುವ ತನಕ ಗಾಳಿಗೆ ಹಾರದಿರಲಿ ಅಂತ ನನ್ನ ಅಂಗಡಿಯನ್ನು ಒಯ್ದು ಹಿತ್ತಲಿನ ರುಬ್ಬುವ ಕಲ್ಲಿನ ಕೆಳಗೆ ಇಟ್ಟರು.

“ಅಂಗಡಿ ಒಂದು ಬಿಟ್ಟು ಉಳಿದಿದ್ದೆಲ್ಲ ತಕ್ಕ ಜಾಗಕ್ಕೆ ಕುಂತೈತೆ ನೋಡು,” ಅಂದರು ನಮ್ಮ ಮನೆಯವರು, ಬಲು ತೃಪ್ತಿಯಿಂದ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅವತ್ತು ಅದು ಅಲ್ಲಿರಲಿಲ್ಲ. ಮಾತಾಡಿದರೆ ಅತ್ತುಬಿಡುತ್ತೇನೆ ಅಂತ ಗೊತ್ತಾಗಿ ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತೆ. ಒಂದು ರೊಟ್ಟಿಯೂ ಇಡಿಯಾಗಿ ಬರಲಿಲ್ಲ.

ನಾಳೆ ಅಮಾವಾಸ್ಯೆ ಅನ್ನುವ ದಿನ ಮಧ್ಯಾಹ್ನ ಫೋನು ಬಂತು. ಫೋನು ಟಿವಿ ಪಕ್ಕ, ನಾನು ಅಡುಗೆಮನೆಯಲ್ಲಿ, ನಡುವೆ ನಕ್ಷೆ. ಗೋಡೆ ಹಿಡಿದು ಅರ್ಧ ದಾರಿ ಬರುವಷ್ಟರಲ್ಲಿ ರಿಂಗು ನಿಂತಿತು. ಮತ್ತೆ ಶುರುವಾಯಿತು. ಹಿಟ್ಟಿನ ಕೈಯಲ್ಲೇ ನೆಟ್ಟಗೆ ಹಾಳೆಯ ನಡುವೆ ನಡೆದೆ.

“ಅತ್ತಿಗೆ! ಬ್ರಹ್ಮಸ್ಥಾನ!” ಅಂತ ಮೈದುನ ಚೀರಿದ.

“ಬ್ರಹ್ಮಗೆ ಹೇಳು, ಒಂಚೂರು ಸರ್ಕೊಳ್ಳಲಿ,” ಅಂದು ಫೋನು ಎತ್ತಿದೆ.

ಹರಿಹರದ ಅಜ್ಜಿ. “ಏನವ್ವಾ, ಈ ಕವರಿನೋನು ಬಾಗಿಲಾಗೇ ನಿಂತಾನೆ. ಏನು ಹೇಳ್ಲಿ ಇವನಿಗೆ?”

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಹಾಳೆ ನೋಡಿದರು. ಮೈದುನ ನನ್ನ ಪಾದ ನೋಡುತ್ತಿದ್ದ, ಅತ್ತೆ ಕುಂಕುಮದ ಬಟ್ಟಲು ಹಿಡಿದಿದ್ದರು. ಕೋಳಿ ಕೇಳಿ ಮಸಾಲೆ ಅರೆಯುವವರು ಯಾರು ಅಂತ ನಾನೇ ಅಂದುಕೊಂಡೆ.

“ಬೇರೆ ಕಡೆ ನೋಡ್ಕೋ ಅನ್ನಜ್ಜಿ ಅವನಿಗೆ. ನಾಳೆ ಮೊದಲ್ನೇ ಬಸ್ಸಿಗೆ ಬಂದು ಬೀಗದಕೈ ಇಸ್ಕೊಂತೀನಿ. ಪಾಡ್ಯಕ್ಕೆ ಒಲೆ ಹಚ್ತೀನಿ.”

ಫೋನು ಇಟ್ಟು ತಿರುಗಿದೆ. ಇನ್ನೇನು ಕೂಗಾಟ ಶುರುವಾಗುತ್ತದೆ, ಆಗಲಿ, ಇವತ್ತು ನಾನೂ ಬಿಡುವುದಿಲ್ಲ ಅಂತ ಸೆರಗು ಸಿಕ್ಕಿಸಿ ನಿಂತೆ. ಅವರು ಕೂಗಲಿಲ್ಲ. ಅಂಗಿಯ ಜೇಬಿಗೆ ಕೈ ಹಾಕಿ ಲಗ್ನಪತ್ರಿಕೆಯ ಇನ್ನೊಂದು ಸುತ್ತನ್ನು ಹೊರಗೆ ತೆಗೆದರು. ಅಷ್ಟೂ ದಿನ ಜೇಬಿನಲ್ಲಿದ್ದು ಅಂಚು ಮೆತ್ತಗಾಗಿತ್ತು. ಅದರ ಮೇಲೆ ಕರಿಹಲಗೆಯ ಮುದ್ದಾದ ಅಕ್ಷರದಲ್ಲಿ “ನಾನು” ಅಂತ ಬರೆದಿದ್ದರು.

“ಇದೊಂದು ಉಳಿದೈತೆ,” ಅಂದರು. “ಎಲ್ಲಾ ದಿಕ್ಕಿಗೂ ಇಟ್ಟು ನೋಡಿದೆ. ಎಲ್ಲೂ ಹೊಂದ್ಲಿಲ್ಲ. ಅಂಗಡಿಗೂ ನನಗೂ ಒಂದು ಗೆರೆ ಎಳದ್ರೆ, ಗೆರೆ ಮ್ಯಾಲೆ ಏನು ಬರೀಬೇಕೋ ತಿಳೀಲಿಲ್ಲ. ಅದಕ್ಕೇ ನಕ್ಷೆ ಮುಗೀವಲ್ದು. ಶಾಲೆನೂ ಇಲ್ಲ ಈಗ. ನೀನು ಬೆಳಿಗ್ಗೆ ಹೋದ್ರೆ ಸಂಜಿಗೆ ಬರ್ತಿ. ನಾನು ಹೆಂಗೆ?”

ಯಾವ ಸಿಟ್ಟನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಇಷ್ಟು ದಿನ ಇವರಿಗೆ ನನ್ನ ಅಂಗಡಿ ಬೇಡ ಅಂತ ತಿಳಿದಿದ್ದೆ. ಬೇಡ ಅಂತಲ್ಲ, ಹೆದರಿಕೆ. ಅದನ್ನು ಒಂದು ಮಾತಿನಲ್ಲಿ ಹೇಳಲು ಬಾರದೆ ನಾಲ್ಕು ದಿಕ್ಕು ತಿರುಗಿ, ನಡುಮನೆ ಮುಚ್ಚಿ, ಗ್ಯಾಸಿನವನನ್ನು ಓಡಿಸಿದ್ದರು. ಅಯ್ಯೋ ನನ್ನ ಶಿವನೇ, ಇಷ್ಟಕ್ಕಾ? ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಮತ್ತೆ ಸಿಟ್ಟು ಬಂತು. ಪಾಪ ಅಂದುಕೊಂಡೇ ಅಲ್ಲವೇ ಎಷ್ಟೋ ಹೆಂಗಸರು ಹೊಸಿಲಲ್ಲೇ ನಿಂತುಬಿಡುವುದು.

“ಯಜಮಾನಗೆ ನೈರುತ್ಯ ಅಣ್ಣ. ಹಿಟ್ಟು ಸ್ವಲ್ಪ ಸರಿಸಿದ್ರೆ…” ಅಂತ ಮೈದುನ ಶುರು ಮಾಡಿದ.

“ನೀನು ಸುಮ್ಕಿರು,” ಅಂದೆ. “ನೋಡ್ರಿ, ಮೊದಲೇ ಹೇಳ್ತೀನಿ. ಅಂಗಡಿ ಒಳಗೆ ನಿಮ್ಮನ್ನ ಕೂರಿಸ್ಕೊಳ್ಳಲ್ಲ. ಒಲೆ ಮುಂದೆ ನಿಂತು ಗೆರೆ ಎಳೀತೀರಿ. ಅದು ನಂದು.”

ಅವರ ಕೈಯಿಂದ ಸುತ್ತನ್ನು ಇಸಗೊಂಡೆ. ಬಗ್ಗಿ, ವಾಯವ್ಯದಲ್ಲಿದ್ದ “ಗಿರಾಕಿ” ಮೇಲೆ ಅದನ್ನು ಇಟ್ಟೆ.

“ಹಸಿವಾದ್ರೆ ಬಸ್ ಹತ್ತಿ ಬರ್ರಿ. ಬ್ಯಾಡ ಅನ್ನಲ್ಲ.”

“ಗಿರಾಕಿನಾ?” ಅಂದರು.

“ಹೂಂ.”

ಮೈದುನ ಬಗ್ಗಿ ನೋಡಿದ. “ಬಂದು ಹೋಗೋರಿಗೆ ಸರಿಯಾದ ದಿಕ್ಕೇ,” ಅಂದ.

ಪಾಡ್ಯದ ದಿನ ನಸುಕಿನಲ್ಲೇ ಹೋಗಿ ಒಲೆ ಹಚ್ಚಿದೆ. ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಸಾರು, ಮೊಸರು ಎಲ್ಲ ಸಿದ್ಧ. ಅಜ್ಜಿ ಊರಿಗೆ ಹೊರಡುವ ಮುಂಚೆ ಒಂದೇ ಮಾತು ಹೇಳಿದ್ದಳು. “ಬೋಣಿ ಮಾತ್ರ ಬಿಡಬ್ಯಾಡವ್ವ. ಮೊದಲ್ನೇ ಗಿರಾಕಿ ನಿಮ್ಮಪ್ಪನೇ ಆಗ್ಲಿ, ಕೈಗೆ ದುಡ್ಡು ಬೀಳಬೇಕು.” ಬೋಣಿಯಾಗಲು ಗಿರಾಕಿ ಬರಬೇಕಲ್ಲ. ಬಸ್ಸುಗಳು ಬಂದವು, ಜನ ಇಳಿದರು, ಬಾಗಿಲ ತನಕ ಬಂದು ಅಜ್ಜಿಯ ಜಾಗದಲ್ಲಿ ನನ್ನ ಮುಖ ಕಂಡು ಮುಂದೆ ಹೋದರು. ಒಬ್ಬ “ಮುಂಚೆ ಇದ್ದೋರು ಇಲ್ವಾ?” ಅಂತ ಕೇಳಿ, ಇಲ್ಲ ಅಂದದ್ದಕ್ಕೆ ಮುಖ ಸಪ್ಪಗೆ ಮಾಡಿಕೊಂಡು ಹೋದ. ಹೊತ್ತು ನೆತ್ತಿಗೆ ಬಂತು. ಬಡಿದಿಟ್ಟ ರೊಟ್ಟಿ ಬಟ್ಟೆಯೊಳಗೆ ಆರುತ್ತಿತ್ತು. ನನಗೆ ಹೆದರಿಕೆಯಾಯಿತು. ಯಾರ ಮಾತೂ ಕೇಳದೆ ಬಂದೆ, ಈಗ ಯಾವ ಮುಖ ಹೊತ್ತು ಹೋಗಲಿ?

ಆಗ ದಾವಣಗೆರೆ ಬಸ್ಸು ಬಂದು ನಿಂತಿತು. ಹೆಂಗಸರಿಗೆ ಪುಕ್ಕಟೆ ಅಂತ ಅತ್ತೆ ಮೊದಲು ಇಳಿದರು. ಹಿಂದೆಯೇ ಟಿಕೆಟ್ ತಗೊಂಡ ನಮ್ಮ ಮನೆಯವರು, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಶಾಲೆಗೆ ಹೊರಟವರ ಹಾಗೆ. ಒಳಗೆ ಬಂದು ಒಲೆಯ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅತ್ತೆಯನ್ನು ಬೆಂಚಿನ ತುದಿಗೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತು, “ಊಟ ಐತೇನ್ರಿ?” ಅಂದರು.

ತಮಾಷೆಗಲ್ಲ. ಆ ಮನುಷ್ಯನಿಗೆ ತಮಾಷೆ ಬರುವುದಿಲ್ಲ. ಗಿರಾಕಿ ಅಂದಿದ್ದೆ, ಗಿರಾಕಿಯಾಗಿ ಬಂದಿದ್ದರು.

ಬಡಿಸಿದೆ. ಮನೆಯಲ್ಲಾದರೆ ಪಲ್ಯಕ್ಕೆ ಒಂದು, ಸಾರಿಗೆ ಒಂದು ಹೆಸರಿಡದೆ ಏಳುವವರಲ್ಲ. ಇಲ್ಲಿ ತಲೆ ತಗ್ಗಿಸಿ ಉಂಡರು. ಅತ್ತೆಯೇ ಇಬ್ಬರ ಪಾಲಿನ ಮಾತಾಡಿದರು, ಉಪ್ಪು ಒಂದು ಚೂರು ಮುಂದೆ ಅಂದರು. ಒಳಗೆ ಯಾರೋ ಉಣ್ಣುತ್ತಿದ್ದಾರೆ ಅಂತ ಕಂಡದ್ದಕ್ಕೋ ಏನೋ, ಒಬ್ಬ ಕಂಡಕ್ಟರು ಬಂದು ಎದುರಿನ ಬೆಂಚಿಗೆ ಕೂತ. ಅವನ ಹಿಂದೆ ಚೀಲ ಹಿಡಿದ ಇಬ್ಬರು ಹೆಂಗಸರು ಬಂದರು. “ಯಾವೂರವ್ವ? ಯಾರ ಪೈಕಿ?” ಅಂತ ಅತ್ತೆ ವಿಚಾರಣೆ ಶುರು ಮಾಡಿದರು.

ನಮ್ಮ ಮನೆಯವರು ಉಂಡು, ಕೈ ತೊಳೆದು, ದುಡ್ಡಿನ ಗಲ್ಲೆಯ ಮುಂದೆ ಬಂದು ನಿಂತರು. “ಎಷ್ಟಾತ್ರಿ?” ಅಂದರು. ಅತ್ತೆಯದೂ ಸೇರಿಸಿ ಹೇಳಿದೆ. ನಾನು ಬೇಡ ಅನ್ನಲಿಲ್ಲ, ಕಡಿಮೆಯೂ ಮಾಡಲಿಲ್ಲ. ಮದುವೆಯಾದಾಗಿನಿಂದ ಸಂಬಳದ ದಿನ ಇವರ ಮುಂದೆ ಕೈ ಚಾಚಿ ನಿಂತವಳು ನಾನು. “ಯಾತಕ್ಕೆ?” ಅಂತ ಕೇಳದೆ ಒಂದು ಸಲವೂ ನನ್ನ ಕೈಗೆ ನೋಟು ಹಾಕಿದವರಲ್ಲ. ಅವತ್ತು ಜೇಬಿನಿಂದ ತೆಗೆದು, ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಯಾತಕ್ಕೆ ಅಂತ ಕೇಳಲಿಲ್ಲ.

ಬೋಣಿಯ ದುಡ್ಡು. ಕಣ್ಣಿಗೆ ಒತ್ತಿಕೊಂಡೆ. ಒತ್ತಿಕೊಂಡವಳು ಬೇಗ ತೆಗೆಯಲು ಆಗದೆ ಹಾಗೇ ನಿಂತೆ. ಆಮೇಲೆ ಗಲ್ಲೆಗೆ ಹಾಕಿ ಚಿಲ್ಲರೆ ಎಣಿಸಿ ಕೊಟ್ಟೆ. ಅಷ್ಟರಲ್ಲಿ ಕಂಡಕ್ಟರು ಇನ್ನೊಂದು ರೊಟ್ಟಿ ಕೇಳಿದ, ಹಾಕಲು ಹೋದೆ.